ಪಾನನಿಷೇಧದ ನಾಡಿನಲ್ಲಿ ಆಪ್ತಸಮಾಲೋಚಕರ ಹೊಣೆ

ಮನಸ್ಸಿನ ಬೇಗೆಯನ್ನು ಹೊತ್ತು ಬಂದವರಿಗೂ ಅದನ್ನು ಆಲಿಸುವ ಆಪ್ತಸಮಾಲೋಚಕರಿಗೂ ನಡುವೆ ಏರ್ಪಡುವ ಸಂಬಂಧವು ವಿಶ್ವಾಸದ ಮೇಲೆ ನಿಂತಿದೆ. ಈ ವಿಶ್ವಾಸದ ಬೆಲೆ ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ವಿಶೇಷವಾಗಿ ಎದ್ದು ಕಾಣುತ್ತದೆ. 1960ರಲ್ಲಿ ಗುಜರಾತ್ ರಾಜ್ಯವು ಉದಯವಾದಂದಿನಿಂದಲೂ ಅಲ್ಲಿ ಪಾನನಿಷೇಧವು ಜಾರಿಯಲ್ಲಿದೆ. ಪರವಾನಗಿಯಿಲ್ಲದೆ ಮದ್ಯ ಸೇವಿಸುವುದು ಅಪರಾಧ. ಆದ್ದರಿಂದ ಕುಡಿತದ ಚಟ ಬಿಡಲು ನೆರವು ಕೋರುವ ಸಲಹಾರ್ಥಿಯು ತನ್ನ ತೊಂದರೆಯನ್ನು ಹೇಳಿಕೊಳ್ಳುವಾಗಲೇ ಅಪರಾಧವನ್ನೂ ಒಪ್ಪಿಕೊಂಡಂತಾಗುತ್ತದೆ. ಕರ್ನಾಟಕದಲ್ಲಿ ಇದೇ ಮಾತನ್ನಾಡಲು ನಾಚಿಕೆಯು ಅಡ್ಡಬರುತ್ತದೆ. ಅಲ್ಲಿ ನಾಚಿಕೆಯೊಡನೆ ಭಯವೂ ಸೇರುತ್ತದೆ.

2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮವು ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ 23ನೆಯ ಪ್ರಕರಣವು ಚಿಕಿತ್ಸೆ ನೀಡುವ ಆರೋಗ್ಯ ವೃತ್ತಿಪರರೆಲ್ಲರೂ ಗೋಪ್ಯತೆಯನ್ನು ಕಾಯಬೇಕೆಂದು ವಿಧಿಸುತ್ತದೆ. ಸೂರತ್ತಿನ ವಜ್ರ ಉದ್ಯಮವನ್ನೇ ನೋಡಬಹುದು. ಬೆಲೆಬಾಳುವ ಹರಳುಗಳನ್ನು ನಂಬಿಕೆಯ ಮೇಲೆ ಕೈಗೊಪ್ಪಿಸುವ ಆ ಕಸುಬಿನಲ್ಲಿ ಕೆಲಸಗಾರನ ಚಟದ ಸುದ್ದಿ ಹೊರಬಿದ್ದರೆ ಅವನ ಅನ್ನಕ್ಕೇ ಕುತ್ತು. ಮಾಲೀಕನು ಎಷ್ಟೇ ಕಳಕಳಿಯಿಂದ ವಿಚಾರಿಸಿದರೂ ಅವನಿಗೆ ತಿಳಿಸುವಂತಿಲ್ಲ. ಸಲಹಾರ್ಥಿಯ ನಾಮನಿರ್ದೇಶಿತ ಪ್ರತಿನಿಧಿಗೂ ಅವರ ಕರ್ತವ್ಯಕ್ಕೆ ಬೇಕಾದಷ್ಟನ್ನು ಮಾತ್ರ ತಿಳಿಸಬಹುದು.

ಹಾಗೆಂದು ಗೋಪ್ಯತೆಗೆ ಎಲ್ಲೆಯಿಲ್ಲವೆಂದಲ್ಲ. ಅಮಲಿನಲ್ಲಿಯೇ ಬಸ್ಸು ನಡೆಸಲು ಹೊರಟ ಚಾಲಕನ ವಿಷಯದಲ್ಲಿ ಇತರರ ಪ್ರಾಣರಕ್ಷಣೆಗೆ ಅಗತ್ಯವಾದಷ್ಟು ಮಾಹಿತಿಯನ್ನು ನೀಡಬಹುದು. ನ್ಯಾಯಾಲಯವು ಆದೇಶಿಸಿದಾಗಲೂ ನೀಡಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯಿದೆಯಂತೆ ವರದಿ ಮಾಡುವುದು ಕಡ್ಡಾಯ. ಈ ಎಲ್ಲೆಗಳನ್ನು ಮೊದಲ ಭೇಟಿಯಲ್ಲಿಯೇ ತಿಳಿಸುವುದು ಪ್ರಾಮಾಣಿಕತೆ. "ಯಾರಿಗೂ ಏನನ್ನೂ ಹೇಳುವುದಿಲ್ಲ" ಎಂಬ ಭಾಷೆಯು ಕೇಳಲು ಹಿತವಾದರೂ ಪಾಲಿಸಲಾಗದ ಭಾಷೆ.

ಇನ್ನು ಮೌಲ್ಯಗಳ ಪ್ರಶ್ನೆ. ಮದ್ಯವನ್ನು ಪಾಪವೆಂದೇ ತಿಳಿದು ಬೆಳೆದ ವೈಷ್ಣವ ಅಥವಾ ಜೈನ ಮನೆತನದ ಸಮಾಲೋಚಕರು ಅಲ್ಲಿ ಇಲ್ಲದಿಲ್ಲ. ಅವರು ತಮ್ಮ ನಂಬಿಕೆಯನ್ನು ಬಿಡಬೇಕಾಗಿಲ್ಲ. ಅದನ್ನು ಸಲಹಾರ್ಥಿಯ ಮೇಲೆ ಹೇರಬಾರದು, ಅಷ್ಟೆ. ಹುಬ್ಬು ಗಂಟಿಕ್ಕಿದರೂ ಸಾಕು, ಎದುರಿಗೆ ಕುಳಿತವನು ಬಾಟಲಿಗಳ ಲೆಕ್ಕವನ್ನು ಅರ್ಧಕ್ಕಿಳಿಸಿ ಹೇಳುತ್ತಾನೆ. ಆ ತಪ್ಪು ಲೆಕ್ಕವನ್ನು ನಂಬಿದರೆ, ಕುಡಿತವನ್ನು ಹಠಾತ್ತನೆ ನಿಲ್ಲಿಸಿದಾಗ ಬರಬಹುದಾದ ನಡುಕ, ಸೆಳವು, ಸನ್ನಿಗಳ ಅಪಾಯವನ್ನು ಅಂದಾಜಿಸಲಾಗದು. ಹೀಗೆ ನೀತಿಯ ಲೋಪವು ದೇಹಕ್ಕೂ ಅಪಾಯ ತರುತ್ತದೆ. ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ 2014ರಿಂದ 2016ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 'ಕ್ವಾಲಿಟಿ ರೈಟ್ಸ್' ವಿಧಾನವನ್ನು ಅನುಸರಿಸಿದಾಗ ಸಿಬ್ಬಂದಿಗೆ ನೀಡಲಾದ ತರಬೇತಿಯಲ್ಲಿ ರೋಗಿಯ ಹಕ್ಕು ಮತ್ತು ಘನತೆಗಳಿಗೆ ಮುಖ್ಯ ಸ್ಥಾನವಿತ್ತು.

ಉದ್ಯೋಗಕ್ಕಾಗಿ ಆ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಗುಜರಾತಿ ಬಾರದ ಸಲಹಾರ್ಥಿಯ ಮಾತನ್ನು ಅನುವಾದಿಸಲು ಬಂಧುವನ್ನೋ ಸಹೋದ್ಯೋಗಿಯನ್ನೋ ಕೂರಿಸಿಕೊಂಡರೆ ಗೋಪ್ಯತೆಯು ಆರಂಭದಲ್ಲಿಯೇ ಮುರಿಯುತ್ತದೆ. ಅಂತಹವರು ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಪಡೆಯಬಹುದು.