ಹಳದಿ ಅಂಗಿಯವರ ಏಳುಬೀಳು

ಪ್ರಜಾಪ್ರಭುತ್ವದ ಹೆಸರಿನಲ್ಲಿ ಕಟ್ಟಿದ ಸಂಘವೊಂದು ಪ್ರಜೆಗಳ ಮತವನ್ನೇ ಕಡಿಮೆ ಮಾಡಿರೆಂದು ಕೇಳುವುದುಂಟೆ? ಥಾಯ್ಲೆಂಡಿನ ಇತಿಹಾಸದಲ್ಲಿ ಅಂಥದೊಂದು ಪ್ರಸಂಗವಿದೆ.

2001ರಲ್ಲಿ ಅಲ್ಲಿ ಪ್ರಧಾನಿಯಾದ ಥಾಕ್ಸಿನ್ ಶಿನವಾತ್ರರು ದೊಡ್ಡ ಉದ್ಯಮಿ. 30 ಬಾಟ್ ಶುಲ್ಕದಲ್ಲಿ ವೈದ್ಯೋಪಚಾರ ದೊರಕುವಂತೆ ಮಾಡಿ ಅವರು ಹಳ್ಳಿಗರ ಮನಸ್ಸನ್ನು ಗೆದ್ದರು. ಆದರೆ 2006ರ ಜನವರಿಯಲ್ಲಿ ಅವರ ಕುಟುಂಬವು ತನ್ನ ಕಂಪನಿಯ ಪಾಲನ್ನು ಸುಮಾರು 7,300 ಕೋಟಿ ಬಾಟ್‌ಗಳಿಗೆ ಸಿಂಗಪುರದ ಸಂಸ್ಥೆಗೆ ಮಾರಿತು. ಆ ಲಾಭಕ್ಕೆ ತೆರಿಗೆ ತೆರಲಿಲ್ಲ. ರಾಜಧಾನಿ ಬ್ಯಾಂಕಾಕಿನ ಮಧ್ಯಮವರ್ಗದವರು ಕೆರಳಿದರು.

ಮರುತಿಂಗಳೇ ಪತ್ರಿಕೋದ್ಯಮಿ ಸೋಂಧಿ ಲಿಮ್‌ಥೊಂಗ್‌ಕುಲ್, ಮಾಜಿ ಸೇನಾಧಿಕಾರಿ ಚಾಮ್ಲಾಂಗ್ ಶ್ರೀಮುವಾಂಗ್ ಮೊದಲಾದವರು ‘ಪ್ರಜಾಪ್ರಭುತ್ವಕ್ಕಾಗಿ ಜನತಾ ಮೈತ್ರಿಕೂಟ’ವನ್ನು ಕಟ್ಟಿದರು. ಅಂದಿನ ದೊರೆ ಭೂಮಿಬಲರು ಹುಟ್ಟಿದ್ದು ಸೋಮವಾರ. ಥಾಯ್ ಸಂಪ್ರದಾಯದಂತೆ ಸೋಮವಾರದ ಬಣ್ಣ ಹಳದಿ. ಚಳವಳಿಗಾರರು ಹಳದಿ ಅಂಗಿ ತೊಟ್ಟು, ತಾವು ಸಿಂಹಾಸನದ ರಕ್ಷಕರೆಂದು ಸಾರಿದರು.

2006ರ ಸೆಪ್ಟೆಂಬರ್ 19ರಂದು ಸೇನೆ ಥಾಕ್ಸಿನ್ನರನ್ನು ಪದಚ್ಯುತಗೊಳಿಸಿತು. ಆದರೂ 2007ರ ಡಿಸೆಂಬರ್ ಚುನಾವಣೆಯಲ್ಲಿ ಅವರ ಕಡೆಯವರೇ ಗೆದ್ದರು. ಹಳದಿ ಅಂಗಿಯವರು 2008ರ ಆಗಸ್ಟಿನಲ್ಲಿ ಸರ್ಕಾರದ ಕಚೇರಿಯನ್ನೂ ನವೆಂಬರಿನಲ್ಲಿ ಸುವರ್ಣಭೂಮಿ ವಿಮಾನ ನಿಲ್ದಾಣವನ್ನೂ ಆಕ್ರಮಿಸಿದರು. ಡಿಸೆಂಬರ್ 2ರಂದು ನ್ಯಾಯಾಲಯವು ಆಳುವ ಪಕ್ಷವನ್ನು ವಿಸರ್ಜಿಸಿತು. ಇದು ಚಳವಳಿಯ ಶಿಖರ.

ಇದೇ ವರ್ಷ ಅವರು ‘ನವರಾಜಕೀಯ’ವೆಂಬ ಯೋಜನೆಯನ್ನು ಮುಂದಿಟ್ಟಿದ್ದರು. ಸಂಸತ್ತಿನಲ್ಲಿ ನೂರಕ್ಕೆ 70 ಮಂದಿ ನೇಮಕಗೊಂಡವರು, 30 ಮಂದಿ ಮಾತ್ರ ಚುನಾಯಿತರು. ಏಕೆಂದರೆ ಹಳ್ಳಿಯ ಬಡವರು ಮತವನ್ನು ಮಾರಿಕೊಳ್ಳುತ್ತಾರಂತೆ!

ಇಲ್ಲಿ ನಾನು ಪುಸ್ತಕ ಮುಚ್ಚಿ ಕುಳಿತೆ. ನನ್ನ ತಂದೆಗೆ ಓದುಬರಹವಿಲ್ಲ. ಹೆಬ್ಬೆಟ್ಟೇ ಅವರ ರುಜು. ಚುನಾವಣೆಯಲ್ಲಿ ಹಣ ಹಂಚುವುದು ನಮ್ಮೂರಿಗೂ ಹೊಸತಲ್ಲ. ಆದರೆ ಆಸ್ಪತ್ರೆ ಯಾರಿಂದ ಬಂತು, ರಸ್ತೆ ಯಾರಿಂದ ಕೆಟ್ಟಿತು ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಪದವಿ ಕೈಗೆ ಬಂದ ಮೇಲೆ ನಾನೂ ತಂದೆಯ ಮತವನ್ನು ಹಗುರವಾಗಿ ಕಂಡರೆ? ಆ ಅಳುಕು ನನಗಿದೆ.

ಮೈತ್ರಿಕೂಟದ ಇಳಿತ ಬೇಗನೆ ಬಂತು. 2009ರಲ್ಲಿ ಅದರವರು ಪಕ್ಷವನ್ನು ಕಟ್ಟಿದರೂ ಅದು ಬೇರೂರಲಿಲ್ಲ. 2011ರ ಚುನಾವಣೆಯಲ್ಲಿ ಯಾರಿಗೂ ಮತ ಕೊಡಬೇಡಿರೆಂದು ಮೈತ್ರಿಕೂಟ ಕರೆಯಿತ್ತಿತು. ಥಾಕ್ಸಿನ್ನರ ತಂಗಿ ಯಿಂಗ್ಲಕ್ ಬಹುಮತದಿಂದ ಗೆದ್ದರು. 2013ರ ಆಗಸ್ಟಿನಲ್ಲಿ ಮುಖಂಡರೆಲ್ಲ ರಾಜೀನಾಮೆಯಿತ್ತರು. ಅದೇ ವರ್ಷ ಬೇರೆ ಮುಂದಾಳುಗಳು ಬೀದಿಗಿಳಿದರು. 2014ರ ಮೇ ತಿಂಗಳಲ್ಲಿ ಸೇನೆ ಮತ್ತೆ ಅಧಿಕಾರವನ್ನು ಕೈವಶ ಮಾಡಿಕೊಂಡಿತು.

ಭ್ರಷ್ಟತೆಯ ವಿರುದ್ಧ ಎದ್ದ ಅವರ ಕೋಪ ನ್ಯಾಯವಾದುದೇ. ಆದರೆ ನೆರೆಯವನ ಮತವನ್ನು ಕಸಿದು ದೇಶವನ್ನು ಶುದ್ಧಿ ಮಾಡಹೊರಟವರು ಸರ್ಕಾರಗಳನ್ನು ಉರುಳಿಸಿದರೇ ಹೊರತು ಜನರನ್ನು ಗೆಲ್ಲಲಿಲ್ಲ. ವಿದ್ಯಾವಂತರಾಗಹೊರಟ ನಾವು ನೆನಪಿಡಬೇಕಾದ ಪಾಠವಿದು.