ಎಳೆ ಮತ್ತು ಮಾತೃಕೆ

ಗಾಜು ಪೆಡಸು ಪದಾರ್ಥ, ಕೈಜಾರಿದರೆ ಚೂರಾಗುತ್ತದೆ. ಅದನ್ನೇ ಕೂದಲಿಗಿಂತ ಸಣ್ಣ ಎಳೆಯಾಗಿ ತೆಗೆದಾಗ, ಬಿರುಕಿಗೆ ಎಡೆಗೊಡುವ ದೋಷಗಳು ತೀರ ಕಿರಿದಾಗಿ, ಸೆಳೆತವನ್ನು ತಾಳುವ ಬಲ ಹಲವು ಪಟ್ಟು ಹೆಚ್ಚುತ್ತದೆ. ಆದರೆ ಬಿಡಿ ಎಳೆಗಳ ಕಂತೆ ಒತ್ತಡಕ್ಕೆ ನಿಲ್ಲದೆ ಬಾಗಿಬಿಡುತ್ತದೆ. ಎಳೆಗಳನ್ನು ಪಾಲಿಯೆಸ್ಟರ್ ಅಥವಾ ಇಪಾಕ್ಸಿ ರಾಳದಲ್ಲಿ ಹುದುಗಿಸಿ ಗಟ್ಟಿಗೊಳಿಸಿದರೆ ಸಂಯುಕ್ತ ವಸ್ತು ಸಿದ್ಧವಾಗುತ್ತದೆ. ಹಿಡಿದಿಡುವ ಈ ರಾಳವೇ ಮಾತೃಕೆ. ಒಂದು ಎಳೆ ತುಂಡಾದರೆ ಅದರ ಹೊರೆಯನ್ನು ನೆರೆಯ ಎಳೆಗಳಿಗೆ ದಾಟಿಸುವುದೂ ಇದೇ. ಎಳೆಗಳು ಸಾಗಿದ ದಿಕ್ಕಿನಲ್ಲಿ ಮಾತ್ರ ಪೂರ್ಣ ಬಲವಿರುವುದರಿಂದ ಪದರಗಳನ್ನು ಬೇರೆ ಬೇರೆ ಕೋನಗಳಲ್ಲಿ ಹಾಸಬೇಕಾಗುತ್ತದೆ.

ಕಾರ್ಬನ್ ಎಳೆ ಗಾಜಿಗಿಂತ ಹಗುರ, ಹೆಚ್ಚು ಬಿಗುವಿನದು, ದುಬಾರಿಯೂ ಹೌದು. ವಿಮಾನ, ಕ್ಷಿಪಣಿಗಳಲ್ಲಿ ಅದಕ್ಕೆ ಆದ್ಯತೆ. ಆದರೂ ತೂಕ ಇಳಿಸುವುದರ ನಿಜವಾದ ಬೆಲೆ ಗೊತ್ತಾಗುವುದು ಆಸ್ಪತ್ರೆಯಲ್ಲೇ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಕಾಲಿನ ಶಕ್ತಿ ಕುಂದಿದ ಮಕ್ಕಳು 3 ಕಿಲೋಗ್ರಾಂಗೂ ಮೀರಿದ ಲೋಹದ ಕ್ಯಾಲಿಪರ್ ಕಟ್ಟಿಕೊಂಡು ಹೆಜ್ಜೆ ಎಳೆಯುತ್ತಿದ್ದುದನ್ನು ಎ. ಪಿ. ಜೆ. ಅಬ್ದುಲ್ ಕಲಾಂ ದಾಖಲಿಸಿದ್ದಾರೆ. ಕ್ಷಿಪಣಿಗಾಗಿ ಹಗುರ ವಸ್ತುಗಳನ್ನು ರೂಪಿಸಿದ್ದ ಅವರ ತಂಡ ಮೂರು ವಾರಗಳಲ್ಲಿ ಹೊಸ ಕ್ಯಾಲಿಪರ್ ಸಿದ್ಧಪಡಿಸಿತು. ಅದರ ತೂಕ 300 ಗ್ರಾಂ.