ವಾದ್ಯವೋ ವಾದಕನೋ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ನೆಲೆನಿಂತಿದೆ. ತಮ್ಮ ಅಸಾಮರ್ಥ್ಯವನ್ನು ಮರೆಮಾಚಲು ಸಾಧನವನ್ನು ದೂರುವವರನ್ನು ಕಂಡಾಗ ಹಿರಿಯರು ಈ ಮಾತನ್ನಾಡಿ ನಗುವುದುಂಟು. ಅಕ್ಷರ ಅಂದವಾಗಿಲ್ಲದ ಹುಡುಗ ಲೇಖನಿಯನ್ನು ಹಳಿಯುತ್ತಾನೆ. ಗುರಿ ತಪ್ಪಿದ ಬೇಟೆಗಾರ ಬಿಲ್ಲನ್ನು ಹಳಿಯುತ್ತಾನೆ. ಗಾದೆ ಇಬ್ಬರ ಬಾಯನ್ನೂ ಒಂದೇ ಮಾತಿನಲ್ಲಿ ಮುಚ್ಚಿಸುತ್ತದೆ. ಆದರೆ ಅದು ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟಿದೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಆಗೇನು? ಕುಣಿಯಬಲ್ಲವಳು ಅಂಥ ನೆಲದ ಮೇಲೆ ಏನು ಮಾಡುತ್ತಾಳೆ? ಇದಕ್ಕೆ ಉತ್ತರವನ್ನು ಹುಡುಕಲು ಗಿಟಾರ್ ಎಂಬ ತಂತಿವಾದ್ಯ ಒಂದು ಒಳ್ಳೆಯ ನಿದರ್ಶನ.

ವೀಣೆಯನ್ನು ಹತ್ತಿರದಿಂದ ಕಂಡವರಿಗೆ ಗಿಟಾರಿನ ಅಂಗಗಳು ಅಪರಿಚಿತವೆನಿಸುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಆರು ತಂತಿಗಳು. ತಂತಿಗಳನ್ನು ಬಿಗಿಮಾಡಲು ಒಂದು ತುದಿಯಲ್ಲಿ ಬಿರಡೆಗಳಿವೆ; ಇನ್ನೊಂದು ತುದಿಯಲ್ಲಿ ಅವುಗಳನ್ನು ಹೊತ್ತುನಿಂತ ಕುದುರೆಯಿದೆ. ನಡುವಣ ಉದ್ದವಾದ ದಂಡಿಯ ಮೇಲೆ ಲೋಹದ ಮೆಟ್ಟುಗಳನ್ನು ಸಾಲಾಗಿ ಕೂರಿಸಲಾಗಿದೆ. ಎಡಗೈ ಬೆರಳುಗಳು ತಂತಿಯನ್ನು ಮೆಟ್ಟಿನ ಬಳಿ ಒತ್ತಿ ಸ್ವರವನ್ನು ಆರಿಸುತ್ತವೆ. ಬಲಗೈ ಬೆರಳುಗಳು ತಂತಿಯನ್ನು ಮೀಟಿ ಆ ಸ್ವರವನ್ನು ನುಡಿಸುತ್ತವೆ. ಆದರೆ ತಂತಿಯೊಂದೇ ಕಂಪಿಸಿದರೆ ಕೇಳಿಸುವ ಸದ್ದು ಬಹಳ ಸಣ್ಣದು. ತಂತಿಯ ಕಂಪನ ಕುದುರೆಯ ಮೂಲಕ ಇಳಿದು ಪೆಟ್ಟಿಗೆಯಂಥ ಒಡಲಿನ ಮೇಲುಹಲಗೆಯನ್ನು ಅಲುಗಿಸುತ್ತದೆ. ಹಲಗೆ ತನ್ನ ಸುತ್ತಲಿನ ಗಾಳಿಯನ್ನೂ ಒಡಲೊಳಗಿನ ಗಾಳಿಯನ್ನೂ ಅಲುಗಿಸುತ್ತದೆ. ಆಗಲೇ ನಾದ ತುಂಬಿಬರುವುದು.

ಬೆಲೆಬಾಳುವ ಗಿಟಾರಿಗೂ ಅಗ್ಗದ ಗಿಟಾರಿಗೂ ಮುಖ್ಯವಾದ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. ಉತ್ತಮ ಗಿಟಾರಿನ ಮೇಲುಹಲಗೆಯನ್ನು ಸ್ಪ್ರೂಸ್‌ನಂಥ ಹಗುರವಾದ, ಆದರೆ ಗಟ್ಟಿಯಾದ ಮರದ ಅಖಂಡ ಹಲಗೆಯಿಂದ ಮಾಡುತ್ತಾರೆ. ಅದರ ಬೆನ್ನಿಗೂ ಪಕ್ಕಗಳಿಗೂ ಬೀಟೆಮರವನ್ನು ಬಳಸುವುದುಂಟು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಬೆಳೆಯುವ ಬೀಟೆ ದೂರದೇಶಗಳ ಗಿಟಾರ್ ತಯಾರಕರಿಗೆ ಬಹು ಪ್ರಿಯವಾದ ಮರ. ಅಗ್ಗದ ವಾದ್ಯದಲ್ಲಾದರೋ ಮೇಲುಹಲಗೆ ತೆಳುಪದರಗಳನ್ನು ಅಂಟಿಸಿದ ಪ್ಲೈವುಡ್ಡಿನದು. ಅದು ಬಿಸಿಲಿಗೂ ತೇವಕ್ಕೂ ಬೇಗ ಬಿರುಕುಬಿಡದು, ನಿಜ. ಆದರೆ ಅಖಂಡ ಹಲಗೆಯಷ್ಟು ಸ್ವಚ್ಛಂದವಾಗಿ ಕಂಪಿಸಲಾರದು. ಮೇಲಾಗಿ ಬಿರಡೆಗಳು ಸಡಿಲವಾಗಿರುತ್ತವೆ, ಶ್ರುತಿ ನಿಲ್ಲುವುದಿಲ್ಲ. ತಂತಿಗಳು ಮೆಟ್ಟುಗಳಿಂದ ಬಹಳ ಎತ್ತರದಲ್ಲಿದ್ದು ಬೆರಳುಗಳನ್ನು ನೋಯಿಸುತ್ತವೆ. ಯಾವುದೋ ಒಂದು ಮೆಟ್ಟು ತುಸು ಉಬ್ಬಿರುತ್ತದೆ. ತಂತಿ ಅದಕ್ಕೆ ತಾಗಿ ಗರಗರ ಸದ್ದು ಮಾಡುತ್ತದೆ. ಇದೇ ಡೊಂಕು ನೆಲ.

ಇಂಥ ವಾದ್ಯವನ್ನು ನುರಿತ ವಾದಕನ ಕೈಗೆ ಕೊಟ್ಟರೆ ಆತ ಕೂಡಲೇ ನುಡಿಸಲು ತೊಡಗುವುದಿಲ್ಲ. ಮೊದಲು ಅದನ್ನು ವಿಚಾರಿಸಿಕೊಳ್ಳುತ್ತಾನೆ. ತಂತಿಗಳು ಹಳತಾಗಿ ತುಕ್ಕುಹಿಡಿದಿದ್ದರೆ ಹೊಸ ತಂತಿಗಳನ್ನು ಕಟ್ಟುತ್ತಾನೆ. ಅಲ್ಪವೆಚ್ಚದ ಈ ಒಂದು ಕೆಲಸದಿಂದಲೇ ಮಂಕುಬಡಿದ ವಾದ್ಯ ಎಚ್ಚತ್ತಂತಾಗುತ್ತದೆ. ಬಳಿಕ ಬಹಳ ತಾಳ್ಮೆಯಿಂದ ಶ್ರುತಿ ಕೂಡಿಸುತ್ತಾನೆ. ಒಂದೊಂದು ಮೆಟ್ಟಿನಲ್ಲಿಯೂ ಒಂದೊಂದು ತಂತಿಯನ್ನು ಒತ್ತಿ ಆಲಿಸಿ, ಎಲ್ಲಿ ನಾದ ತುಂಬಿಬರುತ್ತದೆ, ಎಲ್ಲಿ ಸೊರಗುತ್ತದೆ, ಎಲ್ಲಿ ಅಪಸ್ವರ ಇಣುಕುತ್ತದೆ ಎಂಬುದನ್ನು ತಿಳಿದುಕೊಳ್ಳುತ್ತಾನೆ. ಹೊಸ ಎತ್ತನ್ನು ಗಾಡಿಗೆ ಹೂಡುವ ರೈತ ಮೊದಲು ಅದರ ನಡೆಯನ್ನು ಅರಿತುಕೊಳ್ಳುವಂತೆ ಇದು.

ಅನಂತರದ್ದು ಕೈಯ ಕೆಲಸ. ಹೊಸಬನು ಭಯದಿಂದ ತಂತಿಯನ್ನು ಬಲವಾಗಿ ಅದುಮುತ್ತಾನೆ. ತಂತಿ ಎತ್ತರದಲ್ಲಿರುವ ವಾದ್ಯದಲ್ಲಿ ಹೀಗೆ ಅದುಮಿದಾಗ ಅದು ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಟ್ಟು ಸ್ವರ ಏರಿಬಿಡುತ್ತದೆ. ನುರಿತವನು ಮೆಟ್ಟಿನ ಬೆನ್ನಿಗೇ ಬೆರಳಿಟ್ಟು, ಸ್ವರ ಸ್ಪಷ್ಟವಾಗಲು ಎಷ್ಟು ಬೇಕೋ ಅಷ್ಟೇ ಒತ್ತುತ್ತಾನೆ. ಮೀಟುವ ಕೈಯಲ್ಲಿಯೂ ಇಂಥದೇ ವಿವೇಕವಿದೆ. ಪ್ರತಿಯೊಂದು ಮೂಲಸ್ವರದೊಡನೆ ಅದಕ್ಕಿಂತ ಎತ್ತರದ ಸೂಕ್ಷ್ಮವಾದ ಉಪಸ್ವರಗಳೂ ಹುಟ್ಟುತ್ತವೆ. ಕುದುರೆಯ ಸಮೀಪದಲ್ಲಿ ಮೀಟಿದರೆ ಉಪಸ್ವರಗಳು ಪ್ರಬಲವಾಗಿ ನಾದ ಚೂಪಾಗುತ್ತದೆ. ಒಡಲಿನ ನಡುವಣ ರಂಧ್ರದ ಕಡೆಗೆ ಸರಿದು ಮೀಟಿದರೆ ಅವು ತಗ್ಗಿ ನಾದ ಮೃದುವಾಗುತ್ತದೆ. ಅಗ್ಗದ ವಾದ್ಯದ ನಾದ ತೆಳುವೆನಿಸಿದಾಗ ಬಲ್ಲವನು ಕೈಯನ್ನು ರಂಧ್ರದತ್ತ ಸರಿಸುತ್ತಾನೆ. ಉಗುರಿನ ಬದಲು ಬೆರಳಿನ ತುದಿಯಿಂದ ಮೀಟುತ್ತಾನೆ. ಕರ್ಕಶತೆ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸತ್ವವಿಲ್ಲದ ವಾದ್ಯವನ್ನು ಜೋರಾಗಿ ಬಾರಿಸಿದರೆ ನಾದ ಹೆಚ್ಚುವುದಿಲ್ಲ, ಗದ್ದಲ ಮಾತ್ರ ಹೆಚ್ಚುತ್ತದೆ. ಆದಕಾರಣ ಜಾಣ ವಾದಕ ಮೆಲುದನಿಯನ್ನು ಮತ್ತಷ್ಟು ಮೆಲ್ಲಗಾಗಿಸುತ್ತಾನೆ. ಆಗ ಸಾಧಾರಣವಾದ ಮೀಟೂ ಗಂಭೀರವಾಗಿ ಕೇಳಿಸುತ್ತದೆ. ಕತ್ತಲ ಕೋಣೆಯಲ್ಲಿ ಸಣ್ಣ ಹಣತೆಯೂ ದೊಡ್ಡ ಬೆಳಕಾಗಿ ತೋರುವುದಿಲ್ಲವೆ? ಬೇಡದ ತಂತಿ ಅನುರಣಿಸಿದರೆ ಅಂಗೈಯಿಂದ ಅದನ್ನು ತಡೆಯುತ್ತಾನೆ. ಗರಗರಿಸುವ ಮೆಟ್ಟನ್ನು ತಪ್ಪಿಸಿ, ಅದೇ ಸ್ವರವನ್ನು ಬೇರೊಂದು ತಂತಿಯಲ್ಲಿ ಹುಡುಕುತ್ತಾನೆ. ಸ್ವರಗಳ ನಡುವೆ ಮೌನಕ್ಕೂ ಎಡೆಗೊಡುತ್ತಾನೆ. ಕೇಳುವವರಿಗೆ ಇವು ಯಾವುವೂ ಕಾಣುವುದಿಲ್ಲ. ವಾದ್ಯ ಚೆನ್ನಾಗಿದೆ ಎಂದಷ್ಟೇ ಅವರು ಭಾವಿಸುತ್ತಾರೆ!

ಈ ಮಾತಿಗೆ ಜೀವಂತ ಸಾಕ್ಷಿಯಾಗಿ ಬಾಳಿದವನು ಅಮೆರಿಕದ ಬಿ. ಬಿ. ಕಿಂಗ್. ಆತ ೧೯೨೫ರಲ್ಲಿ ಮಿಸಿಸಿಪ್ಪಿ ರಾಜ್ಯದ ಹತ್ತಿಯ ಸೀಮೆಯಲ್ಲಿ, ಬಡ ಕರಿಯರ ಕುಟುಂಬವೊಂದರಲ್ಲಿ ಹುಟ್ಟಿದ. ತಂದೆತಾಯಿಗಳು ಇಟ್ಟ ಹೆಸರು ರೈಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಆ ಬಾಲಕ ಹತ್ತಿಯ ಹೊಲಗಳಲ್ಲಿ ದುಡಿದು ಬೆಳೆದ. ಆ ಸೀಮೆಯ ಬಡಮಕ್ಕಳು ಪೊರಕೆಗೆ ಸುತ್ತಿದ ತಂತಿಯನ್ನು ಬಿಚ್ಚಿ, ಗೋಡೆಗೆ ಮೊಳೆಹೊಡೆದು ಬಿಗಿದು, ಅಡಿಯಲ್ಲಿ ಸೀಸೆಯೊಂದನ್ನು ಸಿಕ್ಕಿಸಿ, ಒಂಟಿ ತಂತಿಯ ವಾದ್ಯವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದುಡಿಮೆಯ ಬವಣೆಯನ್ನೂ ಒಂಟಿತನದ ನೋವನ್ನೂ ಹಾಡುವ ಬ್ಲೂಸ್ ಎಂಬ ಸಂಗೀತ ಬೆಳೆದುಬಂದದ್ದು ಇಂಥ ಮನೆಗಳ ಅಂಗಳದಲ್ಲಿ.

ಕಿಂಗ್‌ನ ಬಂಧುವಾದ ಬುಕ್ಕಾ ವೈಟ್ ಆ ಕಾಲದ ಹೆಸರಾಂತ ಗಿಟಾರ್ ವಾದಕ. ಆತ ಬೆರಳಿಗೆ ಕೊಳವೆಯೊಂದನ್ನು ತೊಟ್ಟು ತಂತಿಯ ಮೇಲೆ ಜಾರಿಸಿ ಅಳುವ ದನಿಯನ್ನು ಹೊರಡಿಸುತ್ತಿದ್ದ. ಕಿಂಗ್‌ಗೆ ಆ ದನಿಯ ಮೇಲೆ ಅಪಾರ ಮೋಹ. ಆದರೆ ಎಷ್ಟು ಯತ್ನಿಸಿದರೂ ಆ ವಿದ್ಯೆ ಅವನಿಗೆ ಒಲಿಯಲಿಲ್ಲ. ಕೊನೆಗೆ ಕೊಳವೆಯನ್ನು ಬಿಟ್ಟು, ಒತ್ತಿಹಿಡಿದ ಬೆರಳನ್ನೇ ನಡುಗಿಸಿ, ತಂತಿಯನ್ನು ಪಕ್ಕಕ್ಕೆ ಎಳೆದು ಆ ದನಿಯನ್ನು ಪಡೆಯಲು ಕಲಿತ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕವನ್ನು ನುಡಿಸುವುದನ್ನು ಕಂಡವರಿಗೆ ಇದರ ಸೊಗಸು ಅರ್ಥವಾದೀತು. ಮುಂದೆ ಜಗತ್ತು ಆತನನ್ನು ಗುರುತಿಸಿದ್ದು ಆ ನಡುಕದಿಂದಲೇ. ಕೊರತೆಯೇ ಅವನ ಪಾಲಿಗೆ ಶೈಲಿಯಾಯಿತು.

೧೯೪೯ರ ಚಳಿಗಾಲ. ಅರ್ಕಾನ್ಸಾಸ್ ರಾಜ್ಯದ ಟ್ವಿಸ್ಟ್ ಎಂಬ ಪುಟ್ಟ ಊರಿನ ನೃತ್ಯಶಾಲೆಯೊಂದರಲ್ಲಿ ಕಿಂಗ್ ನುಡಿಸುತ್ತಿದ್ದ. ಅವನ ಕೈಯಲ್ಲಿದ್ದುದು ಸುಮಾರು ೩೦ ಡಾಲರಿನ ಗಿಟಾರು. ಚಳಿಯನ್ನು ಕಳೆಯಲೆಂದು ನಡುವೆ ಸೀಮೆಎಣ್ಣೆಯ ಬೆಂಕಿಯನ್ನು ಉರಿಸಿದ್ದರು. ಇಬ್ಬರು ಗಂಡಸರು ಜಗಳವಾಡುತ್ತ ಅದನ್ನು ಉರುಳಿಸಿದರು. ಕ್ಷಣಮಾತ್ರದಲ್ಲಿ ಮರದ ಕಟ್ಟಡ ಹತ್ತಿಕೊಂಡಿತು. ಎಲ್ಲರೊಡನೆ ಕಿಂಗ್ ಕೂಡ ಹೊರಗೋಡಿದ. ಹೊರಗೆ ಬಂದಮೇಲೆ ಗಿಟಾರು ಒಳಗೇ ಉಳಿಯಿತೆಂಬುದು ನೆನಪಾಯಿತು. ಹಿಂದುಮುಂದು ನೋಡದೆ ಉರಿಯೊಳಗೆ ನುಗ್ಗಿ ಅದನ್ನು ಹೊತ್ತುತಂದ. ಆ ಬೆಂಕಿಯಲ್ಲಿ ಇಬ್ಬರು ಸತ್ತರು. ಕಿಂಗ್ ಕೂದಲೆಳೆಯಷ್ಟರಲ್ಲಿ ಪಾರಾಗಿದ್ದ. ಆ ಜಗಳ ಲೂಸಿಲ್ ಎಂಬ ಹೆಣ್ಣಿನ ಸಲುವಾಗಿ ಎದ್ದುದೆಂದು ಮರುದಿನ ತಿಳಿಯಿತು. ಮತ್ತೆಂದೂ ಇಂಥ ಹುಚ್ಚುಸಾಹಸಕ್ಕೆ ಕೈಹಾಕಬಾರದೆಂಬ ನೆನಪಿಗಾಗಿ ಅವನು ಗಿಟಾರಿಗೆ ಲೂಸಿಲ್ ಎಂದೇ ಹೆಸರಿಟ್ಟ.

ಕಾಲಕ್ರಮದಲ್ಲಿ ಕೀರ್ತಿ ಬಂತು, ಹಣ ಬಂತು, ಉತ್ತಮೋತ್ತಮ ಗಿಟಾರುಗಳು ಕೈಗೆ ಬಂದವು. ಒಂದಾದಮೇಲೊಂದರಂತೆ ಬಂದ ತನ್ನ ಗಿಟಾರುಗಳನ್ನೆಲ್ಲ ಆತ ಲೂಸಿಲ್ ಎಂದೇ ಕರೆದ. ೧೯೮೦ರಲ್ಲಿ ಗಿಬ್ಸನ್ ಎಂಬ ಪ್ರಸಿದ್ಧ ಸಂಸ್ಥೆ ಆ ಹೆಸರಿನ ಗಿಟಾರನ್ನೇ ತಯಾರಿಸಿ ಮಾರಾಟಕ್ಕೆ ತಂದಿತು. ೨೦೦೬ರಲ್ಲಿ ಅಮೆರಿಕದ ಅಧ್ಯಕ್ಷರು ನೀಡುವ ಸ್ವಾತಂತ್ರ್ಯ ಪದಕ ಅವನಿಗೆ ಸಂದಿತು. ೨೦೧೫ರಲ್ಲಿ ಆತ ತೀರಿಕೊಂಡ. ವಾದ್ಯಗಳು ಬದಲಾದರೂ ಕೇಳುಗರು ಆತನನ್ನು ಒಂದೇ ಸ್ವರದಲ್ಲಿ ಗುರುತಿಸುತ್ತಿದ್ದರು. ಹೆಸರು ವಾದ್ಯದ್ದಾಗಿತ್ತು, ದನಿ ಮಾತ್ರ ಕೈಯದಾಗಿತ್ತು.

ಹಾಗಾದರೆ ಎಲ್ಲವೂ ಕೈಯಲ್ಲಿಯೇ ಇದೆಯೆ? ಜಾಂಗೋ ರೈನ್‌ಹಾರ್ಟ್‌ನ ಬಾಳು ಅದನ್ನೂ ಪ್ರಶ್ನಿಸುತ್ತದೆ. ಬೆಲ್ಜಿಯಂನಲ್ಲಿ ೧೯೧೦ರಲ್ಲಿ ಅಲೆಮಾರಿ ಕುಟುಂಬದಲ್ಲಿ ಹುಟ್ಟಿದ ಈ ವಾದಕನಿಗೆ ೧೯೨೮ರಲ್ಲಿ, ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಸೆಡೆತುಹೋದವು. ಆತ ಉಳಿದ ಬೆರಳುಗಳಿಗೆ ಹೊಸ ದಾರಿಯನ್ನು ಕಲಿಸಿದ. ೧೯೩೪ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಪೆಲ್ಲಿಯೊಡನೆ ತಂಡ ಕಟ್ಟಿ ಯೂರೋಪನ್ನೇ ಬೆರಗುಗೊಳಿಸಿದ. ಒಬ್ಬನ ವಾದ್ಯದಲ್ಲಿ ಕೊರತೆ, ಇನ್ನೊಬ್ಬನ ಕೈಯಲ್ಲಿಯೇ ಕೊರತೆ. ಇಬ್ಬರಲ್ಲಿಯೂ ಕುಂದದೆ ಉಳಿದದ್ದು ಒಂದು: ಬೇಕಾದ ನಾದವನ್ನು ಮೊದಲೇ ಒಳಗೆ ಕೇಳಿಸಿಕೊಳ್ಳಬಲ್ಲ ಕಿವಿ. ಆ ಕಿವಿ ಕೈಯನ್ನು ತಿದ್ದುತ್ತದೆ. ಕೈ ವಾದ್ಯವನ್ನು ತಿದ್ದುತ್ತದೆ.

ಆದರೂ ಇಷ್ಟಕ್ಕೇ ಸಾಧನಕ್ಕೆ ಬೆಲೆಯೇ ಇಲ್ಲವೆಂದು ತೀರ್ಮಾನಿಸಿದರೆ ಅದು ಅನ್ಯಾಯವಾದೀತು. ಎಂಥ ಪ್ರವೀಣನಾದರೂ ಪ್ಲೈವುಡ್ಡಿನ ಹಲಗೆಯಿಂದ ಅಖಂಡ ಹಲಗೆಯ ನಾದವನ್ನು ಪೂರ್ತಿಯಾಗಿ ಹೊರಡಿಸಲಾರ. ಶ್ರುತಿ ನಿಲ್ಲದ ಬಿರಡೆಯನ್ನು ಕೌಶಲದಿಂದಷ್ಟೇ ನಿಲ್ಲಿಸಲಾರ. ಕಿಂಗ್ ಕೂಡ ಕೈಯಲ್ಲಿ ಹಣವಾದಮೇಲೆ ಒಳ್ಳೆಯ ಗಿಟಾರನ್ನೇ ಹಿಡಿದ. ವಿಚಾರಮಾಡಿದರೆ, ಕೆಟ್ಟ ವಾದ್ಯದಿಂದ ಹೆಚ್ಚು ನೋಯುವವನು ಪ್ರವೀಣನಲ್ಲ, ಕಲಿಯುವ ಮಗು. ಬೆರಳು ನೊಂದಾಗ, ಸ್ವರ ಕೂಡದಾಗ, ತಪ್ಪು ತನ್ನದೋ ವಾದ್ಯದ್ದೋ ಎಂಬುದು ಮಗುವಿಗೆ ತಿಳಿಯದು. ತನಗೆ ವಿದ್ಯೆ ಒಲಿಯದೆಂದು ಅದು ಕೈಬಿಟ್ಟೀತು. ಆದ್ದರಿಂದ ಮಹಾಕಲಾವಿದರ ಕಥೆಗಳನ್ನು ಮುಂದೊಡ್ಡಿ, ಬಡವರ ಮಕ್ಕಳಿಗೆ ಕಳಪೆ ಸಾಧನವೇ ಸಾಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಒಳ್ಳೆಯ ಸಾಧನವನ್ನು ಒದಗಿಸುವುದು ಹಿರಿಯರ ಹೊಣೆ. ಒದಗಿದ ಸಾಧನದಿಂದ ಅದರ ಸತ್ವವನ್ನೆಲ್ಲ ಹೊರತೆಗೆಯುವುದು ಕಲಿಯುವವನ ಹೊಣೆ.

ಗಾದೆ ಕೇಳದೆ ಬಿಟ್ಟ ಪ್ರಶ್ನೆಗೆ ಈಗ ಉತ್ತರ ದೊರೆತಂತಾಯಿತು. ಕುಣಿಯಬಲ್ಲವಳು ನೆಲದ ಡೊಂಕನ್ನು ಅಲ್ಲಗಳೆಯುವುದಿಲ್ಲ. ಎಲ್ಲರಿಗಿಂತ ಮೊದಲು ಅದನ್ನು ಅರಿಯುವವಳು ಅವಳೇ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಅರಿತು, ಅದಕ್ಕೆ ತಕ್ಕಂತೆ ಹೆಜ್ಜೆಯಿಡುತ್ತಾಳೆ. ಸಮತಟ್ಟಾದ ನೆಲ ಸಿಕ್ಕ ದಿನ ಅವಳ ಕುಣಿತಕ್ಕೆ ಮತ್ತಷ್ಟು ಕಳೆ ಬರುತ್ತದೆ. ಆದರೆ ಆ ದಿನಕ್ಕಾಗಿ ಕಾದು ಕಾಲುಕಟ್ಟಿ ಕುಳಿತವಳಿಗೆ, ಸಮನೆಲ ಸಿಕ್ಕಾಗ ಕುಣಿತವೇ ಮರೆತುಹೋಗಿರುತ್ತದೆ.